ಶಾರ್ಲಟ್ಸ್‌ವಿಲ್ ಸಿಂಫನಿ: ಮುಂದಿನ ಕುರ್ಚಿ, ಹಿಂದಿನ ಕುರ್ಚಿ

ಅಮೆರಿಕದ ವರ್ಜೀನಿಯಾ ರಾಜ್ಯದ ಶಾರ್ಲಟ್ಸ್‌ವಿಲ್ ದೊಡ್ಡ ಊರೇನಲ್ಲ. 2020ರ ಜನಗಣತಿಯ ಲೆಕ್ಕ 46 ಸಾವಿರ ಚಿಲ್ಲರೆ. ಅಂಥ ಊರಿನಲ್ಲಿ 1974ರಿಂದ ಒಂದು ಪೂರ್ಣ ಗಾತ್ರದ ಸಿಂಫನಿ ಆರ್ಕೆಸ್ಟ್ರಾ ನಡೆದುಕೊಂಡು ಬಂದಿರುವುದಕ್ಕೆ ಕಾರಣ ಅಲ್ಲಿನ ವರ್ಜೀನಿಯಾ ವಿಶ್ವವಿದ್ಯಾಲಯ. 2006ರಿಂದ 2017ರವರೆಗೆ ಕೇಟ್ ಟಮಾರ್ಕಿನ್ ಇದರ ಸಂಗೀತ ನಿರ್ದೇಶಕಿಯಾಗಿದ್ದರು. 2017ರಲ್ಲಿ ಬೆಂಜಮಿನ್ ರೌಸ್ ಆ ಜಾಗಕ್ಕೆ ಬಂದರು. ಸೆಪ್ಟೆಂಬರ್ ಹೊತ್ತಿಗೆ ಕಾರ್ಯಕ್ರಮಗಳ ಋತು ಆರಂಭವಾಗಿ ವಸಂತದವರೆಗೆ ಸಾಗುತ್ತದೆ. ಪ್ರತಿ ಕಾರ್ಯಕ್ರಮವನ್ನೂ ವಾಡಿಕೆಯಂತೆ ಎರಡು ಸಲ, ಎರಡು ಬೇರೆ ಬೇರೆ ಸಭಾಂಗಣಗಳಲ್ಲಿ ನುಡಿಸುತ್ತಾರೆ. ಎಲ್ಲಿ ಕೂತು ಕೇಳಿದರೆ ಒಳ್ಳೆಯದು, ಯಾವ ಕಾರ್ಯಕ್ರಮಕ್ಕೆ ಹೋಗಬೇಕು, ಯಾವುದಕ್ಕೆ ಹೋಗುವಾಗ ನಿರೀಕ್ಷೆ ಸ್ವಲ್ಪ ತಗ್ಗಿಸಿಕೊಳ್ಳಬೇಕು ಎಂಬುದು ಈ ವಿಮರ್ಶೆಯ ವಿಷಯ. ಅಲ್ಲೇ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗೂ ರಿಚ್ಮಂಡ್ ಮತ್ತು ವಾಷಿಂಗ್ಟನ್ ಸುತ್ತಮುತ್ತ ಇರುವ ಮನೆಗಳವರಿಗೂ ಇದು ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲು ತಂಡದ ಕಟ್ಟು ತಿಳಿದುಕೊಳ್ಳಬೇಕು, ಮಿಕ್ಕಿದ್ದೆಲ್ಲ ಅದರ ಮೇಲೆಯೇ ನಿಂತಿದೆ. ಪ್ರತಿ ವಾದ್ಯದ ಮೊದಲ ಕುರ್ಚಿಯಲ್ಲಿ, ಅಂದರೆ ಪ್ರಿನ್ಸಿಪಲ್ ಸ್ಥಾನದಲ್ಲಿ, ಕೂರುವವರು ವೃತ್ತಿಪರರು. ಅವರಲ್ಲಿ ಬಹುಪಾಲು ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಪಾಠ ಹೇಳುವವರು. ಅವರ ಹಿಂದೆ ಕೂರುವವರು ವಿದ್ಯಾರ್ಥಿಗಳು ಮತ್ತು ಊರಿನ ಹವ್ಯಾಸಿಗಳು. ಹಗಲು ಬೇರೆ ಕೆಲಸ ಮಾಡಿ ಸಂಜೆ ವಾದ್ಯ ಹಿಡಿಯುವ ಜನ. ಪೂರ್ತಿ ಹವ್ಯಾಸಿ ತಂಡವೂ ಅಲ್ಲ, ಪೂರ್ತಿ ಸಂಬಳದ ತಂಡವೂ ಅಲ್ಲ. ಇಂಥ ಮಿಶ್ರ ತಂಡವನ್ನು ಒಟ್ಟಾರೆ ಚೆನ್ನ ಎಂದೋ ಸಾಧಾರಣ ಎಂದೋ ತೂಗಲು ಹೋದರೆ ತೀರ್ಪು ತಪ್ಪುತ್ತದೆ. ಒಂದೇ ಕೃತಿಯಲ್ಲಿ ಎರಡು ನಿಮಿಷ ದೊಡ್ಡ ನಗರದ ತಂಡದಂತೆ ಕೇಳಿಸಿ, ಮುಂದಿನ ಅರ್ಧ ನಿಮಿಷ ಕಾಲೇಜಿನ ತಂಡದಂತೆ ಕೇಳಿಸುವುದು ಈ ಬಗೆಯ ಆರ್ಕೆಸ್ಟ್ರಾಗಳ ಲಕ್ಷಣ. ಯಾವಾಗ ಹೇಗೆ ಕೇಳಿಸುತ್ತದೆ ಎಂಬುದನ್ನು ಮುಂಚೆಯೇ ಊಹಿಸಬಹುದು ಅನ್ನುವುದು ಸಮಾಧಾನದ ಸಂಗತಿ.

ಲೆಕ್ಕ ಸರಳ. ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್ ಎಂಬ ಗಾಳಿವಾದ್ಯಗಳು ಸಾಮಾನ್ಯವಾಗಿ ಎರಡೆರಡು ಇರುತ್ತವೆ, ಆದರೆ ಇಬ್ಬರಿಗೂ ಒಂದೇ ಸ್ವರಸಾಲು ಕೊಟ್ಟಿರುವುದಿಲ್ಲ. ಮೊದಲ ಓಬೋಗೆ ಬರೆದ ಸ್ವರ ನುಡಿಸುವವರು ಇಡೀ ವೇದಿಕೆಯಲ್ಲಿ ಒಬ್ಬರೇ. ಆ ಕುರ್ಚಿಯಲ್ಲಿ ವಿಶ್ವವಿದ್ಯಾಲಯದ ಓಬೋ ಗುರು ಕೂತಿದ್ದರೆ ಶ್ರೋತೃವಿನ ಕಿವಿಗೆ ಬೀಳುವುದು ಕಲಬೆರಕೆಯಿಲ್ಲದ ವೃತ್ತಿಪರ ನಾದ. ವಯಲಿನ್ ವಿಭಾಗದಲ್ಲಿ ಹೀಗಿಲ್ಲ. ಅಲ್ಲಿ ಮೊದಲ ವಯಲಿನ್, ಎರಡನೆಯ ವಯಲಿನ್ ಎಂದು ಎರಡು ಗುಂಪು, ಒಂದೊಂದರಲ್ಲೂ ಹತ್ತು ಹನ್ನೆರಡು ಜನ ಒಂದೇ ಸ್ವರಸಾಲು ನುಡಿಸುತ್ತಾರೆ. ಮೊದಲ ಕುರ್ಚಿಯವರು ಎಷ್ಟೇ ನುರಿತವರಾದರೂ ಅವರ ನಾದ ಆ ಹತ್ತರಲ್ಲಿ ಒಂದು. ನಾವು ಕೇಳುವುದು ಆ ಹತ್ತರ ಸರಾಸರಿಯನ್ನು. ಹಾಗಾಗಿ ಈ ಆರ್ಕೆಸ್ಟ್ರಾದ ನಿಜವಾದ ಮಟ್ಟ ತಿಳಿಯಬೇಕಾದರೆ ಕನ್ಸರ್ಟ್ ಮಾಸ್ಟರನ್ನು, ಅಂದರೆ ಮೊದಲ ವಯಲಿನ್ ಗುಂಪಿನ ಮುಖ್ಯಸ್ಥರನ್ನು, ನೋಡುತ್ತ ಕೂರಬೇಡಿ, ಎರಡನೆಯ ವಯಲಿನ್‌ಗಳ ಕೊನೆಯ ಸಾಲಿನ ಕಡೆ ಕಿವಿ ಕೊಡಿ.

ಆ ಕೊನೆಯ ಸಾಲಿನಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ನಾಲ್ಕು ಕಾರಣಕ್ಕೆ. ಒಂದು, ಕಮಾನಿನ ದಿಕ್ಕು. ಯಾವ ಸ್ವರ ಮೇಲ್ಕಮಾನು, ಯಾವುದು ಕೆಳಕಮಾನು ಎಂದು ಕನ್ಸರ್ಟ್ ಮಾಸ್ಟರ್ ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾರೆ, ಮಿಕ್ಕ ತಂತಿವಾದ್ಯಗಳ ಮುಖ್ಯಸ್ಥರು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ, ಆಮೇಲೆ ಅದನ್ನು ಪ್ರತಿ ಹಾಳೆಗೂ ನಕಲು ಮಾಡಬೇಕು. ಮೊದಲ ತಾಲೀಮಿನ ಹೊತ್ತಿಗೆ ಈ ಕೆಲಸ ಮುಗಿಯದಿದ್ದರೆ ಹಿಂದಿನವರು ತಮಗೆ ತೋಚಿದಂತೆ ಅಭ್ಯಾಸ ಮಾಡಿಕೊಂಡು ಬಂದಿರುತ್ತಾರೆ, ಕೊನೆಯವರೆಗೂ ಒಂದೆರಡು ಕಮಾನು ಎದುರು ದಿಕ್ಕಿಗೆ ಓಡುತ್ತವೆ. ಕಣ್ಣಿಗೆ ಕಾಣುವುದಷ್ಟೇ ಅಲ್ಲ, ಒತ್ತು ಬೀಳುವ ಜಾಗವೂ ಬದಲಾಗುತ್ತದೆ. ಎರಡು, ಹಾಳೆ ತಿರುವುವುದು. ಇಬ್ಬರಿಗೊಂದು ಸ್ಟ್ಯಾಂಡ್. ಒಳಬದಿಗೆ ಕೂತವರು ನುಡಿಸುವುದನ್ನು ನಿಲ್ಲಿಸಿ ಹಾಳೆ ತಿರುವಬೇಕು. ಎಲ್ಲ ಸ್ಟ್ಯಾಂಡುಗಳಲ್ಲೂ ಒಂದೇ ಮುದ್ರಣದ ಹಾಳೆ ಇರುವುದರಿಂದ ಅರ್ಧ ವಿಭಾಗ ಒಂದೇ ಕ್ಷಣದಲ್ಲಿ ಸುಮ್ಮನಾಗುತ್ತದೆ. ನಾದ ಇದ್ದಕ್ಕಿದ್ದಂತೆ ತೆಳುವಾಗಿ ಮತ್ತೆ ತುಂಬಿಕೊಂಡರೆ ಅದು ಕಂಡಕ್ಟರ್, ಅಂದರೆ ಎದುರು ನಿಂತು ಕೈಸನ್ನೆಯಿಂದ ತಂಡ ನಡೆಸುವವರು, ಕೇಳಿದ ಭಾವವಲ್ಲ, ಪುಟ ಸಂಖ್ಯೆ ಬದಲಾಗಿದೆ ಅಷ್ಟೇ. ಮೂರು, ಮೇಲಿನ ಸ್ಥಾಯಿ. ಎಡಗೈ ಮೇಲೇರಿದಷ್ಟೂ ಬೆರಳುಗಳ ನಡುವಿನ ಅಂತರ ಕಿರಿದಾಗುತ್ತದೆ, ಕೂದಲೆಳೆಯಷ್ಟು ಜರುಗಿದರೂ ಅಪಸ್ವರ. ಹತ್ತು ಜನ ಹತ್ತು ಬಗೆಯಾಗಿ ಜರುಗಿದಾಗ ಒಬ್ಬರ ಅಪಸ್ವರ ಪ್ರತ್ಯೇಕವಾಗಿ ಕೇಳಿಸುವುದಿಲ್ಲ, ನಾದಕ್ಕೆ ಒಂದು ಮಬ್ಬು ಕವಿಯುತ್ತದೆ. ನಾಲ್ಕು, ಬಿಟ್ಟುಬಿಡುವುದು. ಕೈಗೆಟುಕದ ವೇಗದ ಸಾಲು ಬಂದಾಗ ಹವ್ಯಾಸಿಗಳು ಪ್ರತಿ ತಾಳದ ಮೊದಲ ಸ್ವರ ಮಾತ್ರ ಹಿಡಿದು ನಡುವಿನದನ್ನು ಕಮಾನು ಆಡಿಸುತ್ತ ದಾಟಿಸುತ್ತಾರೆ. ಇದು ಎಲ್ಲೆಡೆ ಇರುವುದೇ, ಕಂಡಕ್ಟರುಗಳೇ ಎಷ್ಟೋ ಸಲ ಹಾಗೆ ಮಾಡಿ ಅನ್ನುತ್ತಾರೆ. ತಪ್ಪು ಸ್ವರಕ್ಕಿಂತ ಇಲ್ಲದ ಸ್ವರ ಮೇಲು.

ಇಲ್ಲಿಂದ ಒಂದು ಉಲ್ಟಾ ಎನಿಸುವ ಮಾತು ಹೊರಡುತ್ತದೆ. ಇಂಥ ತಂಡಕ್ಕೆ ಚೈಕೋವ್‌ಸ್ಕಿಗಿಂತ ಮೋಟ್ಸಾರ್ಟ್ ಕಷ್ಟ. ಮೋಟ್ಸಾರ್ಟನ 40ನೆಯ ಸಿಂಫನಿಯಲ್ಲಿ (ತಂಡಕ್ಕಷ್ಟೇ ಅಲ್ಲ, ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿಗೂ ಸಿಂಫನಿ ಎಂದೇ ಹೆಸರು) ಟ್ರಂಪೆಟ್ ಇಲ್ಲ, ಟಿಂಪನಿ ಎಂಬ ನಗಾರಿ ಇಲ್ಲ, ಟ್ರೊಂಬೋನ್ ಇಲ್ಲ. ವಯಲಿನ್‌ಗಳು ಮೊದಲಿಂದ ಕೊನೆಯವರೆಗೆ ಬೆಳಕಿನಲ್ಲೇ ನಿಂತಿರುತ್ತವೆ, ಅವಿತುಕೊಳ್ಳಲು ಒಂದು ಗೋಡೆಯೂ ಇಲ್ಲ. ಚೈಕೋವ್‌ಸ್ಕಿಯ ಅಬ್ಬರದಲ್ಲಿ ಹಿಂದಿನ ಸಾಲು ಅರ್ಧ ಸ್ವರ ಬಿಟ್ಟರೂ ಹಿತ್ತಾಳೆ ವಾದ್ಯಗಳು ಅದನ್ನು ನುಂಗಿಕೊಳ್ಳುತ್ತವೆ. ಜೊತೆಗೆ ಮೆಲ್ಲಗೆ ನುಡಿಸುವುದು ಜೋರಾಗಿ ನುಡಿಸುವುದಕ್ಕಿಂತ ಕಷ್ಟ, ಕಮಾನು ನಡುಗಿದ್ದು ಮೆಲುದನಿಯಲ್ಲೇ ಕೇಳಿಸುವುದು. ಹಾಗಾಗಿ ಮೆಂಡೆಲ್ಸನ್‌ನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ ಓವರ್ಚರ್, ಅಂದರೆ ಪೀಠಿಕೆಯ ಕೃತಿ, ಕಾರ್ಯಕ್ರಮದಲ್ಲಿದ್ದರೆ ಅದು ವಯಲಿನ್ ವಿಭಾಗಕ್ಕೆ ಇಟ್ಟ ಪರೀಕ್ಷೆ ಎಂದೇ ತಿಳಿಯಿರಿ. ಆರಂಭದ ನಾಲ್ಕು ಗಾಳಿವಾದ್ಯ ಸ್ವರಗುಚ್ಛ ಮುಗಿದ ಕೂಡಲೇ ವಯಲಿನ್‌ಗಳು ನಾಲ್ಕಾಗಿ ಒಡೆದು, ಕಮಾನು ಪುಟಿಸುತ್ತ, ಪಿಸುಮಾತಿನ ಮಟ್ಟದಲ್ಲಿ ಓಡಬೇಕು. ನಾಲ್ಕಾಗಿ ಒಡೆದಾಗ ಪ್ರತಿ ಸಾಲಿಗೆ ಉಳಿಯುವವರು ಐದಾರು ಜನ. ಸರಾಸರಿಯ ರಕ್ಷಣೆ ಅಲ್ಲಿಗೆ ಮುಗಿಯಿತು.

ಇದಕ್ಕೆ ಎದುರಾಗಿ, ಮೊದಲ ಕುರ್ಚಿಗಳಿಗೆ ಒಂಟಿ ಸಾಲು ಹೇರಳವಾಗಿ ಬರೆದಿರುವ ಕೃತಿಗಳಲ್ಲಿ ಈ ಕಟ್ಟು ಬೆಳಗುತ್ತದೆ. ರಿಮ್ಸ್ಕಿ ಕೊರ್ಸಕೋವ್ 1888ರಲ್ಲಿ ಬರೆದ ‘ಶೆಹೆರಜಾದೆ’ ಇದಕ್ಕೆ ಹೇಳಿ ಮಾಡಿಸಿದ್ದು. ಕನ್ಸರ್ಟ್ ಮಾಸ್ಟರ್‌ಗೆ, ಬಸೂನಿಗೆ, ಕ್ಲಾರಿನೆಟ್ಟಿಗೆ, ವಯಲಿನ್ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊಗೆ ಸರದಿಯ ಮೇಲೆ ಮಾತಾಡುವ ಅವಕಾಶ. ಬ್ರಾಮ್ಸ್‌ನ ಮೊದಲ ಸಿಂಫನಿಯ ಕೊನೆಯ ಭಾಗದಲ್ಲಿ ಹಾರ್ನ್ ಹಾಡಿದ್ದನ್ನು ಫ್ಲೂಟ್ ಎತ್ತಿಕೊಳ್ಳುವ ಜಾಗ, ಚೈಕೋವ್‌ಸ್ಕಿಯ ಐದನೆಯ ಸಿಂಫನಿಯ ಎರಡನೆಯ ಭಾಗದ ಹಾರ್ನ್ ಏಕವಾದನ, ಇವೂ ಅದೇ ಸಾಲಿನವು. ಋತುವಿನ ಪಟ್ಟಿ ಬಂದಾಗ ಇಂಥ ಹೆಸರುಗಳಿಗೆ ಮೊದಲು ಟಿಕೆಟ್ ತೆಗೆದಿಡಿ.

ಡ್ವೋರ್ಜಾಕನ ಒಂಬತ್ತನೆಯ ಸಿಂಫನಿ, ‘ಫ್ರಮ್ ದ ನ್ಯೂ ವರ್ಲ್ಡ್’, ಇಂಥ ತಂಡಗಳನ್ನು ಅಳೆಯಲು ಒಳ್ಳೆಯ ಒರೆಗಲ್ಲು. ಡ್ವೋರ್ಜಾಕ್ ನ್ಯೂಯಾರ್ಕಿನಲ್ಲಿದ್ದಾಗ ಬರೆದದ್ದು, 1893ರ ಡಿಸೆಂಬರ್ 16ರಂದು ಕಾರ್ನೆಗಿ ಹಾಲ್‌ನಲ್ಲಿ ಮೊದಲು ಕೇಳಿಬಂದದ್ದು. ಅಮೆರಿಕದ ಸಣ್ಣ ಊರಿನ ಆರ್ಕೆಸ್ಟ್ರಾಗಳು ಮತ್ತೆ ಮತ್ತೆ ಎತ್ತಿಕೊಳ್ಳುವ ಕೃತಿ. ಮೊದಲ ಭಾಗದ ನಿಧಾನದ ಪೀಠಿಕೆಯಲ್ಲಿ ಚೆಲ್ಲೊಗಳು ಮೆಲ್ಲಗೆ ಆರಂಭಿಸುವಾಗ ಎಲ್ಲ ಕಮಾನುಗಳೂ ಒಟ್ಟಿಗೆ ತಂತಿ ಮುಟ್ಟಿದವೇ ಎಂದು ಗಮನಿಸಿ. ವೇಗದ ಭಾಗ ಶುರುವಾದ ಕೂಡಲೇ ಹಾರ್ನ್‌ಗಳು ಮೇಲೇರಿ ಇಳಿಯುವ ಮುಖ್ಯ ವಿಷಯವನ್ನು ಎತ್ತುತ್ತವೆ, ಅದು ಒಡೆಯದೆ ಬಂದರೆ ಅರ್ಧ ಗೆದ್ದಂತೆ. ಎರಡನೆಯ ಭಾಗ ಲಾರ್ಗೊ, ಅಂದರೆ ತೀರ ನಿಧಾನದ್ದು. ಹಿತ್ತಾಳೆ ವಾದ್ಯಗಳೂ ತಗ್ಗಿನ ಗಾಳಿವಾದ್ಯಗಳೂ ಸೇರಿ ಮೆಲುದನಿಯಲ್ಲಿ ಸ್ವರಗುಚ್ಛಗಳನ್ನು ಒಂದಾದ ಮೇಲೊಂದು ಇಡುತ್ತವೆ. ಇಲ್ಲಿ ಒಬ್ಬರು ಕೂದಲೆಳೆಯಷ್ಟು ಮುಂಚೆ ಊದಿದರೂ ಗೊತ್ತಾಗಿಬಿಡುತ್ತದೆ. ಟ್ಯೂಬಾದವರಿಗೆ ಇಡೀ ಸಿಂಫನಿಯಲ್ಲಿ ಇರುವ ಕೆಲಸ ಈ ಭಾಗದ ಹಿಡಿಯಷ್ಟು ಸ್ವರ ಮಾತ್ರ, ಅದೂ ಬೇಸ್ ಟ್ರೊಂಬೋನ್ ನುಡಿಸುವುದನ್ನೇ. ಮಿಕ್ಕ ಹೊತ್ತು ಕೈ ಕಟ್ಟಿ ಕೂತಿರುವ ಆ ಮನುಷ್ಯನ ಬಗ್ಗೆ ಸ್ವಲ್ಪ ಕನಿಕರ ಇರಲಿ.

ಆಮೇಲೆ ಬರುವ ಪ್ರಸಿದ್ಧ ರಾಗ ಇಂಗ್ಲಿಷ್ ಹಾರ್ನಿನದು. ಹೆಸರು ಹಾರ್ನ್ ಆದರೂ ಇದು ಓಬೋದ ದೊಡ್ಡಣ್ಣ. ಹಿಂದೆ ತಂತಿವಾದ್ಯಗಳು ನಾದ ತಗ್ಗಿಸುವ ಮ್ಯೂಟ್ ಹಾಕಿಕೊಂಡು ಆಧಾರ ಹಿಡಿದಿರುತ್ತವೆ. ಶ್ರುತಿ ಡಿ ಫ್ಲ್ಯಾಟ್, ಅಂದರೆ ವಯಲಿನ್ನಿನ ತೆರೆದ ತಂತಿಗಳ ನೆರವು ಸಿಗದ ಜಾಗ, ಪ್ರತಿ ಸ್ವರವನ್ನೂ ಬೆರಳಿನಿಂದಲೇ ಹುಡುಕಬೇಕು. ಭಾಗದ ಕೊನೆಗೆ ಬರುವಾಗ ಡ್ವೋರ್ಜಾಕ್ ಒಬ್ಬೊಬ್ಬರನ್ನೇ ಕಳಚುತ್ತಾನೆ. ಹತ್ತು ತಂತಿವಾದಕರು ಉಳಿಯುತ್ತಾರೆ, ಕಡೆಗೆ ಒಂದು ವಯಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ಒಂದು ಚೆಲ್ಲೊ. ಮಿಶ್ರ ತಂಡದಲ್ಲಿ ಇಲ್ಲಿ ನಡೆಯುವುದನ್ನು ಕೇಳಲೆಂದೇ ಹೋಗಬೇಕು. ಹಿಂದಿನ ಸಾಲುಗಳು ಸುಮ್ಮನಾಗಿ ಮೊದಲ ಕುರ್ಚಿಗಳಷ್ಟೇ ಉಳಿದಾಗ ನಾದದ ಬಣ್ಣವೇ ಬೇರೆಯಾಗುತ್ತದೆ, ಆ ತನಕ ಕವಿದಿದ್ದ ಮಬ್ಬು ಹರಿಯುತ್ತದೆ. ಭಾಗದ ಕಟ್ಟಕಡೆಯ ಸ್ವರಗುಚ್ಛ ಡಬಲ್ ಬೇಸ್‌ಗಳಿಗೆ ಮೀಸಲು, ನಾಲ್ಕಾಗಿ ಒಡೆದು ಮೆಲ್ಲಗೆ. ಊರಿನಲ್ಲಿ ಬೇಸ್ ನುಡಿಸುವವರು ಮೂವರೇ ಇದ್ದರೆ ಒಂದು ಸ್ವರ ಖೋತಾ, ಅಥವಾ ಹೊರಗಿನಿಂದ ಒಬ್ಬರನ್ನು ದುಡ್ಡು ಕೊಟ್ಟು ಕರೆಸಬೇಕು. ಸಿಂಫನಿಯ ಕೊನೆಯ ಭಾಗದಲ್ಲಿ ಸಿಂಬಲ್ ಎಂಬ ಲೋಹದ ತಟ್ಟೆ ಒಂದೇ ಒಂದು ಸಲ, ಅದೂ ಮೆತ್ತಗೆ. ಬಾರಿಸುವವರು ಅಲ್ಲಿಯವರೆಗೆ ತಾಳ ಎಣಿಸುತ್ತ ಕಾದಿರಬೇಕು. ಸಿಂಫನಿ ಮುಗಿಯುವುದು ಅಬ್ಬರದಲ್ಲಲ್ಲ. ತಂತಿವಾದ್ಯಗಳು ಚುಟುಕಾಗಿ ಮುಗಿಸಿ ಬಿಟ್ಟಮೇಲೂ ಊದುವಾದ್ಯಗಳು ಅದೇ ಸ್ವರಗುಚ್ಛವನ್ನು ಹಿಡಿದು ಕರಗಿಸುತ್ತವೆ. ಇಷ್ಟು ಹೊತ್ತು ಊದಿ ತುಟಿ ದಣಿದ ಮೇಲೆ ಇದು ಮಾಡಬೇಕಾದ ಕೆಲಸ, ಆದ್ದರಿಂದ ಅಲ್ಲಿ ಸ್ವರ ಜಾರುವ ಸಂಭವ ಹೆಚ್ಚು.

ಹಾರ್ನ್ ಯಾಕೆ ಒಡೆಯುತ್ತದೆ ಎಂಬ ಪ್ರಶ್ನೆ ಪ್ರತಿ ಸಮುದಾಯ ಆರ್ಕೆಸ್ಟ್ರಾದ ವಿರಾಮದಲ್ಲೂ ಕೇಳಿಬರುತ್ತದೆ. ಎಫ್ ಶ್ರುತಿಯ ಫ್ರೆಂಚ್ ಹಾರ್ನಿನ ಕೊಳವೆಯನ್ನು ಬಿಡಿಸಿ ನೆಟ್ಟಗೆ ಮಾಡಿದರೆ ಸುಮಾರು 3.7 ಮೀಟರ್ ಉದ್ದ, ಟ್ರಂಪೆಟ್ಟಿನ ಎರಡು ಪಟ್ಟಿಗಿಂತ ಹೆಚ್ಚು. ಆದರೆ ನುಡಿಸಬೇಕಾದ ಸ್ವರಗಳು ಬಹುಪಾಲು ಮಧ್ಯ ಮತ್ತು ಮೇಲಿನ ಸ್ಥಾಯಿಯವು. ಅಷ್ಟು ಉದ್ದದ ಕೊಳವೆಯಲ್ಲಿ ಆ ಎತ್ತರಕ್ಕೆ ಹೋದಾಗ ಸಹಜವಾಗಿ ಹುಟ್ಟುವ ಸ್ವರಗಳು ಒಂದಕ್ಕೊಂದು ತೀರ ಹತ್ತಿರ, ಒಂದು ಸ್ವರದಷ್ಟೇ ಅಂತರ. ಬೆರಳು ಒತ್ತಿದ ಕೀಲಿ ಸರಿ ಇದ್ದರೂ ತುಟಿಯ ಬಿಗಿ ಎಳ್ಳಷ್ಟು ಹೆಚ್ಚು ಕಡಿಮೆಯಾದರೆ ಪಕ್ಕದ ಸ್ವರ ಹಾರಿಬರುತ್ತದೆ. ದೊಡ್ಡ ತಂಡಗಳಲ್ಲಿ ಮೊದಲ ಹಾರ್ನಿಗೆ ಒಬ್ಬ ಸಹಾಯಕರನ್ನು ಕೊಟ್ಟು ಜೋರಿನ ಜಾಗಗಳನ್ನು ಅವರಿಗೆ ವಹಿಸಿ ಏಕವಾದನಕ್ಕೆ ತುಟಿ ಉಳಿಸುತ್ತಾರೆ. ಸಣ್ಣ ತಂಡಕ್ಕೆ ಆ ಐದನೆಯ ಹಾರ್ನ್ ಸಿಕ್ಕಿದೆಯೇ ಎಂದು ಕಾರ್ಯಕ್ರಮ ಪುಸ್ತಿಕೆಯ ವಾದಕರ ಪಟ್ಟಿಯಲ್ಲಿ ನೋಡಿ. ಅದೇ ಪಟ್ಟಿಯಲ್ಲಿ ವಿಯೋಲಾ ಎಷ್ಟು ಎಂದೂ ಎಣಿಸಿ. ದೊಡ್ಡ ವೃತ್ತಿಪರ ತಂಡಗಳ ಮಾದರಿ ಲೆಕ್ಕ ಮೊದಲ ವಯಲಿನ್ 16, ಎರಡನೆಯದು 14, ವಿಯೋಲಾ 12, ಚೆಲ್ಲೊ 10, ಡಬಲ್ ಬೇಸ್ 8. ಸಣ್ಣ ಊರಿನಲ್ಲಿ ಮೊದಲು ಕೊರತೆ ಬೀಳುವುದು ವಿಯೋಲಾಕ್ಕೂ ಬೇಸಿಗೂ. ವಯಲಿನ್ ಹೆಚ್ಚು ಸೇರಿಸಿಕೊಂಡು ತೂಕ ಸರಿದೂಗಿಸೋಣ ಎಂದರೆ ಅದೂ ಹೆಚ್ಚು ಫಲ ಕೊಡುವುದಿಲ್ಲ. ಎಂಟು ವಯಲಿನ್ ಹದಿನಾರಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಮೂರು ಟ್ರೊಂಬೋನ್ ಮನಸ್ಸು ಮಾಡಿದರೆ ಅಷ್ಟನ್ನು ಒಂದು ಉಸಿರಿನಲ್ಲಿ ಮುಚ್ಚಿಹಾಕುತ್ತವೆ. ಸಣ್ಣ ತಂಡದ ಕಂಡಕ್ಟರ್ ಹಿತ್ತಾಳೆಯವರ ಕಡೆ ಎಡಗೈ ಅಂಗೈ ತೋರಿಸುತ್ತಲೇ ಇರುವುದು ಇದಕ್ಕಾಗಿ.

ಕಛೇರಿಗಳಿಗೆ ಹೋಗಿ ಅಭ್ಯಾಸವಿರುವವರಿಗೆ ಶ್ರುತಿ ಸೇರಿಸುವ ಘಟ್ಟ ಕುತೂಹಲದ್ದು. ಕನ್ಸರ್ಟ್ ಮಾಸ್ಟರ್ ಎದ್ದು ನಿಂತ ಮೇಲೆ ಓಬೋ 440 ಹರ್ಟ್ಸ್‌ನ ಎ ಸ್ವರ ಕೊಡುತ್ತದೆ. ಓಬೋದ ನಾದ ಗದ್ದಲದ ನಡುವೆಯೂ ಸೀಳಿಕೊಂಡು ಕೇಳಿಸುತ್ತದೆ, ಸ್ವರ ಅಲುಗುವುದೂ ಕಡಿಮೆ. ಆದರೆ ತಂಬೂರಿಯಂತೆ ಅದು ಕೊನೆಯವರೆಗೆ ಹಿಂದೆ ನಿಲ್ಲುವುದಿಲ್ಲ. ಒಂದು ಸಲ ಸೇರಿಸಿದ ಮೇಲೆ ಎಲ್ಲರೂ ಪರಸ್ಪರ ಕೇಳಿಸಿಕೊಂಡೇ ನಿಭಾಯಿಸಬೇಕು. ಸಭಾಂಗಣ ಬಿಸಿಯಾದಂತೆ ಊದುವಾದ್ಯಗಳ ಶ್ರುತಿ ಏರುತ್ತದೆ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 3 ಸೆಂಟ್, ಅರ್ಧಸ್ವರಕ್ಕೆ ನೂರು ಸೆಂಟ್. ತಂತಿ ಬಿಸಿಗೆ ಸಡಿಲವಾಗಿ ಎದುರು ದಿಕ್ಕಿಗೆ ಇಳಿಯುತ್ತದೆ. ಹಾಗಾಗಿ ವಿರಾಮದ ನಂತರ ಮತ್ತೆ ಶ್ರುತಿ ಸೇರಿಸುವುದು ಶಿಷ್ಟಾಚಾರಕ್ಕಲ್ಲ.

ಈಗ ಸಭಾಂಗಣದ ವಿಚಾರ. ಬಹುಕಾಲದ ರೂಢಿಯಂತೆ ಶನಿವಾರ ಸಂಜೆ 7:30ಕ್ಕೆ ವಿಶ್ವವಿದ್ಯಾಲಯದ ಓಲ್ಡ್ ಕ್ಯಾಬೆಲ್ ಹಾಲ್, ಭಾನುವಾರ ಮಧ್ಯಾಹ್ನ 3:30ಕ್ಕೆ ಶಾರ್ಲಟ್ಸ್‌ವಿಲ್ ಹೈಸ್ಕೂಲಿನ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಪರ್ಫಾರ್ಮಿಂಗ್ ಆರ್ಟ್ಸ್ ಸೆಂಟರ್. ಹೊರಡುವ ಮುನ್ನ ಆ ವರ್ಷದ ವೇಳಾಪಟ್ಟಿ ನೋಡಿಕೊಳ್ಳಿ.

ಓಲ್ಡ್ ಕ್ಯಾಬೆಲ್ ಸ್ವತಃ ನೋಡತಕ್ಕ ಕಟ್ಟಡ. 1895ರ ಬೆಂಕಿಯಲ್ಲಿ ಅಮೆರಿಕದ ಅಧ್ಯಕ್ಷನಾಗಿದ್ದ, ಈ ವಿಶ್ವವಿದ್ಯಾಲಯ ಸ್ಥಾಪಿಸಿದ ಥಾಮಸ್ ಜೆಫರ್ಸನ್ ಕಟ್ಟಿಸಿದ ರೊಟುಂಡಾ ಎಂಬ ಗುಮ್ಮಟದ ಕಟ್ಟಡ ಸುಟ್ಟುಹೋದ ಮೇಲೆ ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್‌ರನ್ನು ಕರೆಸಿದರು. ಲಾನ್ ಎಂಬ ಹುಲ್ಲುಹಾಸಿನ ಒಂದು ತುದಿಗೆ ರೊಟುಂಡಾ, ಅದಕ್ಕೆ ಮುಖಾಮುಖಿಯಾಗಿ ಇನ್ನೊಂದು ತುದಿಗೆ 1898ರಲ್ಲಿ ಮುಗಿದ ಈ ಹಾಲ್. ಇಳಿಜಾರಿನಲ್ಲಿ ಕಟ್ಟಿದ್ದರಿಂದ ಲಾನ್ ಕಡೆಯಿಂದ ನೋಡಿದರೆ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ವೇದಿಕೆಯ ಹಿಂದಿನ ಗೋಡೆಯ ಮೇಲೆ ರಫಾಯೆಲ್‌ನ ‘ಸ್ಕೂಲ್ ಆಫ್ ಅಥೆನ್ಸ್’ ಚಿತ್ರದ ದೊಡ್ಡ ಪ್ರತಿಕೃತಿ ಇದೆ. ಮೊದಲಿದ್ದ ಪ್ರತಿ ಅದೇ ಬೆಂಕಿಗೆ ಆಹುತಿಯಾಗಿತ್ತು. ಈಗಿನದನ್ನು 1902ರಲ್ಲಿ ಜಾರ್ಜ್ ಬ್ರೆಕ್ ಬರೆದುಕೊಟ್ಟರು. ನಿಧಾನದ ಭಾಗ ಬೇಸರ ತಂದರೆ ಪ್ಲೇಟೊ, ಅರಿಸ್ಟಾಟಲರನ್ನು ಹುಡುಕುತ್ತ ಕೂರಬಹುದು. ಜೆಫರ್ಸನ್ ತಾನೂ ವಯಲಿನ್ ನುಡಿಸುತ್ತಿದ್ದವನು, ಅವನ ಊರಿಗೆ ಆರ್ಕೆಸ್ಟ್ರಾ ಒಪ್ಪುತ್ತದೆ.

ಮೈಕ್ ಇಲ್ಲದ ಕಾಲದ ಕಟ್ಟಡ. ಸುಮಾರು 850 ಆಸನ, ಅರ್ಧವೃತ್ತಾಕಾರ, ಮೇಲೆ ಬಾಲ್ಕನಿ. ಈ ಗಾತ್ರದಲ್ಲಿ ಅರವತ್ತು ಎಪ್ಪತ್ತು ಜನರ ಆರ್ಕೆಸ್ಟ್ರಾ ಎದೆಗೆ ತಾಗುವಷ್ಟು ಹತ್ತಿರ ಕೇಳಿಸುತ್ತದೆ. ಎರಡು ಮೂರು ಸಾವಿರ ಆಸನದ ದೊಡ್ಡ ನಗರದ ಹಾಲ್‌ಗಳಲ್ಲಿ ಅಗ್ಗದ ಟಿಕೆಟ್ಟಿಗೆ ಸಿಗದ ಅನುಭವ ಇದು. ಕೊರತೆ ಎಂದರೆ ವೇದಿಕೆ ದೊಡ್ಡದಲ್ಲ. ಮಾಲರ್, ರಿಚರ್ಡ್ ಸ್ಟ್ರಾಸ್ ಅಥವಾ ಗಾಯಕವೃಂದ ಸೇರಿದ ಕೃತಿ ಎಂದಾಗ ಕುರ್ಚಿಗಳು ಒತ್ತೊತ್ತಾಗುತ್ತವೆ, ಹಿತ್ತಾಳೆಯ ಅಬ್ಬರಕ್ಕೆ ಹರಡಿಕೊಳ್ಳಲು ಜಾಗ ಸಾಲದು. ಅಂಥ ಕಾರ್ಯಕ್ರಮಕ್ಕೆ ಭಾನುವಾರವೇ ಮೇಲು. ಹೈಸ್ಕೂಲಿನ ಸಭಾಂಗಣಕ್ಕೆ ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತಾರೆ, ಕಾರು ನಿಲ್ಲಿಸುವುದು ಸುಲಭ, ಮಕ್ಕಳಿಗೂ ವಯಸ್ಸಾದವರಿಗೂ ಹಗಲಿನ ಹೊತ್ತು ಅನುಕೂಲ. ಆದರೆ ಶಾಲಾ ರಂಗಮಂದಿರಗಳ ಸ್ವಭಾವವೇ ಬೇರೆ. ನಾಟಕಕ್ಕೆಂದು ಕಟ್ಟಿದ ವೇದಿಕೆಯ ಮೇಲೆ ಪರದೆ ಎತ್ತುವ ಎತ್ತರದ ಗೂಡು ಇದ್ದರೆ ನಾದ ಅಲ್ಲಿಗೆ ಏರಿ ಕಳೆದುಹೋಗುತ್ತದೆ. ಅದಕ್ಕೇ ವಾದಕರ ಹಿಂದೆ ಮತ್ತು ಮೇಲೆ ಹಲಗೆಯ ಚಿಪ್ಪು ನಿಲ್ಲಿಸುವುದು. ದಪ್ಪ ಬಟ್ಟೆಯ ಕುರ್ಚಿ, ಕಾರ್ಪೆಟ್ ಇವು ಅನುರಣನವನ್ನು ಹೀರುತ್ತವೆ. ಒಣ ಸಭಾಂಗಣದಲ್ಲಿ ತಂತಿವಾದ್ಯಗಳ ಒಗ್ಗಟ್ಟಿನ ಕೊರತೆ ಇದ್ದದ್ದಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ. ಒಂದು ಲಾಭವೂ ಉಂಟು. ಭಾನುವಾರದ್ದು ಎರಡನೆಯ ಸಲ ನುಡಿಸುವುದಾದ್ದರಿಂದ ಹಿಂದಿನ ರಾತ್ರಿ ನಡುಗಿದ ಕೈ ಆ ಹೊತ್ತಿಗೆ ಸ್ಥಿಮಿತಕ್ಕೆ ಬಂದಿರುತ್ತದೆ. ವಾರಕ್ಕೊಂದು ತಾಲೀಮು ಮಾಡುವ ತಂಡಗಳಿಗೆ ಮೊದಲ ಪ್ರದರ್ಶನವೇ ಕೊನೆಯ ತಾಲೀಮು ಇದ್ದಂತೆ.

ಎಲ್ಲಿ ಕೂರಬೇಕು? ಮುಂದಿನ ನಾಲ್ಕೈದು ಸಾಲು ಬೇಡ. ಅಲ್ಲಿ ಕೂತರೆ ಹತ್ತಿರದ ಎರಡು ಸ್ಟ್ಯಾಂಡಿನ ವಯಲಿನ್ ಮಾತ್ರ ಕಿವಿಗೆ ಬಡಿಯುತ್ತದೆ, ಗಾಳಿವಾದ್ಯಗಳು ಅವರ ಬೆನ್ನಿನ ಹಿಂದೆ ಉಳಿಯುತ್ತವೆ. ಓಲ್ಡ್ ಕ್ಯಾಬೆಲ್‌ನಲ್ಲಿ ಬಾಲ್ಕನಿಯ ನಡುಭಾಗ ನಮ್ಮ ಶಿಫಾರಸು. ಅಷ್ಟು ದೂರದಿಂದ ಎಲ್ಲ ಸಾಲುಗಳೂ ಬೆರೆತು ಬರುತ್ತವೆ, ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಗೋಡೆಗೆ ತಾಗಿ ವಾಪಸು ಬರುವ ನಾದವೂ ಸಿಗುತ್ತದೆ, ಕಮಾನುಗಳ ಸಾಲು ಕಣ್ಣಿಗೂ ಕಾಣುತ್ತದೆ. ಪಿಯಾನೊ ಕನ್ಸರ್ಟೊ, ಅಂದರೆ ಏಕವಾದಕರೊಂದಿಗೆ ಆರ್ಕೆಸ್ಟ್ರಾ ನುಡಿಸುವ ಕೃತಿ, ಇದ್ದಾಗ ಮಾತ್ರ ಕೆಳಗೆ ಎಡಬದಿಗೆ ಬನ್ನಿ, ಕೀಲಿಮಣೆಯ ಮೇಲೆ ಕೈ ಕಾಣುವುದು ಆ ಬದಿಯಿಂದಲೇ. ಶನಿವಾರ ಕಾರಿನಲ್ಲಿ ಬರುವವರು ಎಮೆಟ್ ಬೀದಿಯ ಸೆಂಟ್ರಲ್ ಗ್ರೌಂಡ್ಸ್ ಗ್ಯಾರೇಜಿನಲ್ಲಿ ನಿಲ್ಲಿಸಿ ನಡೆದು ಬರಬಹುದು. ಏರು ಮತ್ತು ಮೆಟ್ಟಿಲು ಇರುವುದರಿಂದ ಅರ್ಧ ಗಂಟೆ ಮುಂಚೆ ಬಂದರೆ ಸರಿ. ಶುರುವಾದ ಮೇಲೆ ಬಂದರೆ ಮೊದಲ ಕೃತಿ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಬೇಕಾದೀತು. ನಮ್ಮ ಕಛೇರಿಗಳಲ್ಲಿ ವರ್ಣ ಮುಗಿದ ಮೇಲೆ ನಿಧಾನವಾಗಿ ಬಂದು ಸೇರುವ ಪದ್ಧತಿ ಇಲ್ಲಿ ನಡೆಯದು. ತೊಡೆಯ ಮೇಲೆ ತಾಳ ಹಾಕುವುದು, ಭೇಷ್ ಎನ್ನುವುದು, ಜೊತೆಗೆ ಗುನುಗುವುದೂ ಬೇಡ. ಒಂದು ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ, ಚಪ್ಪಾಳೆ ಕೊನೆಗೆ. ಎಣಿಕೆ ತಪ್ಪಿದರೆ ಕಂಡಕ್ಟರ್ ಕೈ ಪೂರ್ತಿ ಇಳಿಸಿ ನಮ್ಮ ಕಡೆ ತಿರುಗುವವರೆಗೆ ಕಾಯಿರಿ. ವಿದ್ಯಾರ್ಥಿಗಳು ನಡುವೆ ತಟ್ಟಿಬಿಡುವುದುಂಟು, ಯಾರೂ ಜಗಳಕ್ಕೆ ಬರುವುದಿಲ್ಲ. ವಿರಾಮ ಸೇರಿ ಎರಡು ಗಂಟೆಯೊಳಗೆ ಮುಗಿಯುತ್ತದೆ. ವಿರಾಮದಲ್ಲಿ ಬಿಸಿ ಬೋಂಡಾ ಕಾಫಿ ಸಿಗುವ ಸಭೆಯಲ್ಲ, ಊಟ ಮುಗಿಸಿಯೇ ಬನ್ನಿ.

ಚಿಕ್ಕ ಮಕ್ಕಳಿರುವ ಮನೆಯವರು ಸಿಂಫನಿಯಿಂದ ಆರಂಭಿಸುವ ಬದಲು ಡಿಸೆಂಬರಿನ ಕುಟುಂಬ ಕಾರ್ಯಕ್ರಮಕ್ಕೆ ಹೋಗುವುದು ಜಾಣತನ. ವಿಶ್ವವಿದ್ಯಾಲಯದ ಯೂನಿವರ್ಸಿಟಿ ಸಿಂಗರ್ಸ್ ಗಾಯಕವೃಂದ ಜೊತೆಗಿರುತ್ತದೆ, ತುಣುಕುಗಳು ಚಿಕ್ಕವು, ಸಭಿಕರೂ ದನಿಗೂಡಿಸಿ ಹಾಡುವ ಭಾಗ ಇರುತ್ತದೆ. ಸಂಗೀತದ ದೃಷ್ಟಿಯಿಂದ ಋತುವಿನ ಉತ್ತಮ ಕಾರ್ಯಕ್ರಮವಲ್ಲ, ಟಿಕೆಟ್ ಮಾತ್ರ ಬೇಗ ತೆಗೆದುಕೊಳ್ಳಬೇಕು.

ಕಾರ್ಯಕ್ರಮದ ಆಯ್ಕೆಯಲ್ಲಿ ಹಣದ ಲೆಕ್ಕವೂ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಹಳೆಯ ಕೃತಿಗಳ ಹಕ್ಕು ಪ್ರಕಟವಾಗಿ 95 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಹಾಳೆಗಳನ್ನು ಒಮ್ಮೆ ಕೊಂಡರೆ ಲೈಬ್ರರಿಯಲ್ಲಿ ಶಾಶ್ವತ. ಗುರುತುಗಳೂ ಉಳಿಯುತ್ತವೆ, ಮುಂದಿನ ಸಲ ಕಮಾನಿನ ಗೊಂದಲ ಕಡಿಮೆ. ಕೋಪ್ಲಂಡ್‌ನ 1944ರ ‘ಅಪಲೇಶಿಯನ್ ಸ್ಪ್ರಿಂಗ್’ನಂಥ ಕೃತಿಗೆ ಪ್ರಕಾಶಕರಿಂದ ಹಾಳೆ ಬಾಡಿಗೆಗೆ ತರಬೇಕು. ನುಡಿಸಿದ ಮೇಲೆ ಗುರುತುಗಳನ್ನೆಲ್ಲ ಅಳಿಸಿ ವಾಪಸು ಕಳಿಸಬೇಕು, ಬಾಡಿಗೆ ಹಾಳೆ ಕೈಗೆ ಬರುವುದೂ ತಡ. ಕನ್ಸರ್ಟೊ ಇದ್ದಾಗ ಹೊರಗಿನ ಏಕವಾದಕರು ತಂಡದೊಂದಿಗೆ ಕೂರುವುದು ಕೊನೆಯ ಒಂದೆರಡು ತಾಲೀಮಿಗೆ ಮಾತ್ರ. ಅಲ್ಲಿಯವರೆಗೆ ತಂಡ ಅವರಿಲ್ಲದೆ ಪಕ್ಕವಾದ್ಯ ಅಭ್ಯಾಸ ಮಾಡಿರುತ್ತದೆ. ಏಕವಾದಕರು ಒಂದು ತಿರುವಿನಲ್ಲಿ ಎಳೆದು ನಿಲ್ಲಿಸಿದಾಗ ಮೊದಲ ಕುರ್ಚಿಗಳು ಕಿವಿಯಿಂದ ಹಿಡಿಯುತ್ತವೆ, ಹಿಂದಿನ ಸಾಲು ಹಾಳೆ ನೋಡಿಕೊಂಡು ಮುಂದೆ ಹೋಗಿಬಿಡುವ ಅಪಾಯ ಇದ್ದೇ ಇದೆ.

ನುಡಿಸಲು ಸೇರಬೇಕೆಂದಿರುವವರಿಗೆ ಒಂದೆರಡು ಮಾತು. ಇಂಥ ತಂಡಗಳ ಆಯ್ಕೆಯಲ್ಲಿ ಸಾಮಾನ್ಯವಾಗಿ ಸಿದ್ಧಪಡಿಸಿದ ಒಂದು ಏಕವಾದನ, ಆರ್ಕೆಸ್ಟ್ರಾ ಕೃತಿಗಳಿಂದ ಆಯ್ದ ಒಂದೆರಡು ತುಣುಕು, ಆಮೇಲೆ ಮುಂಚೆ ನೋಡಿರದ ಹಾಳೆಯನ್ನು ಓದಿ ನುಡಿಸುವುದು ಕೇಳುತ್ತಾರೆ. ಕರ್ನಾಟಕ ಶೈಲಿಯಲ್ಲಿ ಪಿಟೀಲು ಕಲಿತ ಮಕ್ಕಳಿಗೆ ಕೈ ಪಳಗಿದೆ, ಅರ್ಧ ದಾರಿ ಬಂದಾಗಿದೆ ಎಂದು ತಂದೆತಾಯಿ ಭಾವಿಸುವುದುಂಟು. ಅಷ್ಟು ಸಲೀಸಲ್ಲ. ನಮ್ಮಲ್ಲಿ ತಂತಿಗಳನ್ನು ಸ ಪ ಸ ಪ ಎಂದು ಕಟ್ಟುತ್ತೇವೆ, ಅಲ್ಲಿ ಜಿ ಡಿ ಎ ಇ, ಅಂದರೆ ಪ್ರತಿ ತಂತಿಗೂ ಪಂಚಮದ ಅಂತರ. ಬೆರಳಿನ ಲೆಕ್ಕವೇ ಬದಲಾಗುತ್ತದೆ. ನೆಲದ ಮೇಲೆ ಕೂತು ಸುರುಳಿಯನ್ನು ಪಾದಕ್ಕೆ ಆನಿಸಿದಾಗ ವಾದ್ಯದ ಭಾರ ಎಡಗೈ ಮೇಲಿರುವುದಿಲ್ಲ, ಅದು ಉದ್ದಕ್ಕೂ ಸರಾಗ ಜಾರುತ್ತದೆ. ಕುರ್ಚಿಯ ಮೇಲೆ ಗಲ್ಲ ಮತ್ತು ಭುಜದ ನಡುವೆ ಹಿಡಿದಾಗ ಆ ಜಾರು ಹೋಗಿ ಸ್ಥಾನದಿಂದ ಸ್ಥಾನಕ್ಕೆ ನೆಗೆಯುವುದನ್ನು ಕಲಿಯಬೇಕು. ಗಮಕದ ಬೆರಳು ಅಭ್ಯಾಸಬಲದಿಂದ ಸ್ವರಕ್ಕೆ ಕೆಳಗಿನಿಂದ ಎಳೆದುಕೊಂಡು ಬಂದರೆ ಹತ್ತು ಜನರ ಸಾಲಿನಲ್ಲಿ ಅದೊಂದೇ ಎದ್ದು ಕೇಳಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಹಾಳೆ ಓದುವ ವೇಗ. ಲಯಜ್ಞಾನ ಮಾತ್ರ ಪೂರ್ತಿ ಕೈಗೆ ಬರುತ್ತದೆ. ಇಪ್ಪತ್ತು ಮೂವತ್ತು ತಾಳ ಸುಮ್ಮನೆ ಎಣಿಸಿ ಸರಿಯಾಗಿ ಹಿಡಿಯುವುದು ಈ ಮಕ್ಕಳಿಗೆ ಲೀಲಾಜಾಲ, ಅದೇ ಜಾಗದಲ್ಲಿ ಎಷ್ಟೋ ಹವ್ಯಾಸಿಗಳು ಪಕ್ಕದವರ ಕಮಾನು ನೋಡಿ ಹೊರಡುತ್ತಾರೆ.

ಇನ್ನು ಹೋಲಿಕೆ. ರಿಚ್ಮಂಡ್‌ನಲ್ಲಿ 1957ರಿಂದ ವೃತ್ತಿಪರ ರಿಚ್ಮಂಡ್ ಸಿಂಫನಿ ಇದೆ, ಕಾರಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ. ವಾಷಿಂಗ್ಟನ್ನಿನಲ್ಲಿ ನ್ಯಾಷನಲ್ ಸಿಂಫನಿ, ಎರಡೂವರೆ ಗಂಟೆ, ದಾರಿಯಲ್ಲಿ ವಾಹನ ದಟ್ಟಣೆಯಿದ್ದರೆ ಇನ್ನೂ ಹೆಚ್ಚು. ಮಾಲರ್, ಬ್ರೂಕ್ನರ್, ಸ್ಟ್ರಾಸ್ ಕೇಳಬೇಕೆಂದರೆ ಆ ದಾರಿ ಹಿಡಿಯಿರಿ, ಅಷ್ಟು ದೊಡ್ಡ ತಂತಿವಿಭಾಗ ಚಿಕ್ಕ ಊರಿನಲ್ಲಿ ಹುಟ್ಟುವುದಿಲ್ಲ. ಮೋಟ್ಸಾರ್ಟ್, ಹೈಡನ್‌ಗೂ ವೃತ್ತಿಪರ ತಂಡವೇ ವಾಸಿ. ಬ್ರಾಮ್ಸ್, ಡ್ವೋರ್ಜಾಕ್, ಚೈಕೋವ್‌ಸ್ಕಿ, ಸಿಬೇಲಿಯಸ್, ರಿಮ್ಸ್ಕಿ ಕೊರ್ಸಕೋವ್ ಪಟ್ಟಿಯಲ್ಲಿದ್ದರೆ ಊರು ಬಿಟ್ಟು ಹೋಗಬೇಕಾಗಿಲ್ಲ. ಶನಿವಾರದ ಟಿಕೆಟ್, ಬಾಲ್ಕನಿಯ ನಡುಭಾಗ. ಅದು ಸಿಗದಿದ್ದರೆ ಭಾನುವಾರ, ಸಭಾಂಗಣದ ನಡುವಿನಿಂದ ಸ್ವಲ್ಪ ಹಿಂದೆ. ವಿದ್ಯಾರ್ಥಿಗಳು ಪೂರ್ತಿ ಬೆಲೆ ಕೊಡುವ ಮುನ್ನ ಟಿಕೆಟ್ ಕಚೇರಿಯಲ್ಲಿ ರಿಯಾಯಿತಿ ವಿಚಾರಿಸಿ, ಗುರುತಿನ ಚೀಟಿ ಜೇಬಿನಲ್ಲಿರಲಿ.